ಬೊಲೊನ್ಯಾದಲ್ಲಿ ಒಂದು ಸೆಮಿಸ್ಟರ್: ಅರ್ಜಿಯಿಂದ ಕೊನೆಯ ವೈವಾವರೆಗೆ

ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ಹೊರಟಿದ್ದೀರಾ? ಹಾಗಾದರೆ ಮೊದಲ ಮಾತು: ವಾಪಸ್ ಟಿಕೆಟ್ ಈಗಲೇ ಬುಕ್ ಮಾಡಬೇಡಿ. ನಾನು ಮಾಡಿದ್ದೆ. ಡಿಸೆಂಬರ್‌ನಲ್ಲಿ ತರಗತಿ ಮುಗಿಯುತ್ತದೆ ಎಂದು ಓದಿ, ಕ್ರಿಸ್‌ಮಸ್‌ಗೆ ಮುಂಚೆ ಹೊರಡುವ ಟಿಕೆಟ್ ತೆಗೆದುಕೊಂಡೆ. ಪರೀಕ್ಷೆ ನಡೆಯುವುದು ಜನವರಿ, ಫೆಬ್ರವರಿಯಲ್ಲಿ ಎಂದು ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ, ಅಕ್ಟೋಬರ್‌ನಲ್ಲಿ. ಟಿಕೆಟ್ ದುಡ್ಡು ಹೋಯಿತು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಉಳಿಯುತ್ತಿತ್ತು.

ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಕೇಳಿ, ಮಾತಾಡಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಬೊಲೊನ್ಯಾಕ್ಕೆ ಆ ಗಾದೆ ತುಂಬಾ ಚೆನ್ನಾಗಿ ಒಪ್ಪುತ್ತದೆ. ಇದು 1088ರಿಂದ ಲೆಕ್ಕ ಹಿಡಿಯುವ ವಿಶ್ವವಿದ್ಯಾಲಯ. ಆ ಇಸವಿಯನ್ನು ನಿಗದಿ ಮಾಡಿದ್ದು 19ನೇ ಶತಮಾನದಲ್ಲಿ. ಯಾವ ರಾಜನೂ ಒಂದು ದಿನ ಬಂದು ಶಂಕುಸ್ಥಾಪನೆ ಮಾಡಿದ್ದಲ್ಲ. ಕಾನೂನು ಕಲಿಯಲು ಬೇರೆ ಬೇರೆ ಊರುಗಳಿಂದ, ಆಲ್ಪ್ಸ್ ಬೆಟ್ಟಗಳ ಆಚೆಯಿಂದ ಬಂದ ಹುಡುಗರು ಗುಂಪು ಕಟ್ಟಿಕೊಂಡರು. ಪರಸ್ಥಳದವರಿಗೆ ಊರಿನ ಕಾನೂನಿನ ರಕ್ಷಣೆ ಇರಲಿಲ್ಲ, ಒಗ್ಗಟ್ಟೇ ರಕ್ಷಣೆ. ಮೇಷ್ಟ್ರುಗಳಿಗೆ ಸಂಬಳ ಕೊಡುತ್ತಿದ್ದವರು ವಿದ್ಯಾರ್ಥಿಗಳೇ. ಪಾಠಕ್ಕೆ ತಡವಾಗಿ ಬಂದರೆ ಮೇಷ್ಟ್ರಿಗೇ ದಂಡ! ಅಂದರೆ ಹೊರಗಿನಿಂದ ಬಂದವರೇ ಕಟ್ಟಿದ ಸಂಸ್ಥೆ ಇದು. ಅಲ್ಲಿ ನೀವು ಸಂಕೋಚದಿಂದ ಮೂಲೆಯಲ್ಲಿ ಕೂರಬೇಕಾಗಿಲ್ಲ.

ಒಂದು: ಯಾವ ದಾರಿಯಲ್ಲಿ ಹೋಗುವುದು

ಎರಡು ದಾರಿ ಇವೆ. ನಿಮ್ಮ ಕಾಲೇಜಿಗೂ ಬೊಲೊನ್ಯಾಕ್ಕೂ ವಿನಿಮಯ ಒಪ್ಪಂದ ಇದ್ದರೆ ಅದೇ ಸುಲಭ. ಆಗ ಬೊಲೊನ್ಯಾಕ್ಕೆ ಬೋಧನಾ ಶುಲ್ಕ ಕಟ್ಟುವುದಿಲ್ಲ, ನಿಮ್ಮ ಕಾಲೇಜಿಗೆ ಕಟ್ಟುವುದನ್ನೇ ಕಟ್ಟುತ್ತೀರಿ. ಯುರೋಪಿನೊಳಗಿನವರಿಗೆ 1987ರಲ್ಲಿ ಶುರುವಾದ ಎರಾಸ್ಮಸ್ ಯೋಜನೆ ಇದೆ. ಹೊರಗಿನ ದೇಶಗಳ ವಿಶ್ವವಿದ್ಯಾಲಯಗಳ ಜೊತೆ ಬೇರೆ ಒಪ್ಪಂದಗಳಿವೆ. ಒಪ್ಪಂದ ಇಲ್ಲದವರು ಶುಲ್ಕ ಕಟ್ಟಿ ಬಿಡಿ ಬಿಡಿ ವಿಷಯಗಳಿಗೆ ಸೇರಬಹುದು. ಇದನ್ನು ಅಲ್ಲಿ ಕೊರ್ಸೊ ಸಿಂಗೊಲೊ ಅನ್ನುತ್ತಾರೆ.

ವಿನಿಮಯದಲ್ಲಿ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ. ಮೊದಲು ನಿಮ್ಮ ಕಾಲೇಜು ನಿಮ್ಮ ಹೆಸರನ್ನು ಕಳಿಸಬೇಕು. ಆಮೇಲೆ ನೀವು ಬೊಲೊನ್ಯಾದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ತುಂಬಬೇಕು. ಹೆಸರು ಕಳಿಸಿದ್ದಾರೆ ಎಂದು ಸುಮ್ನೆ ಕೂತು, ಅರ್ಜಿ ತುಂಬದೆ ಅವಕಾಶ ಕಳೆದುಕೊಳ್ಳುವವರಿದ್ದಾರೆ. ಎರಡಕ್ಕೂ ಬೇರೆ ಬೇರೆ ಕೊನೆಯ ದಿನಾಂಕ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಎರಡು: ವಿಷಯ ಆರಿಸುವಾಗ ಊರಿನ ಹೆಸರು ನೋಡಿ

ಬೊಲೊನ್ಯಾ ವಿಶ್ವವಿದ್ಯಾಲಯ ಅಂದರೆ ಬೊಲೊನ್ಯಾ ಊರು ಮಾತ್ರ ಅಲ್ಲ. ಚೆಜೇನಾ, ಫೊರ್ಲೀ, ರವೆನ್ನಾ, ರಿಮಿನಿ ಊರುಗಳಲ್ಲೂ ಕ್ಯಾಂಪಸ್ ಇವೆ. ಇಷ್ಟವಾದ ಒಂದು ವಿಷಯ ಸೋಮವಾರ ಬೊಲೊನ್ಯಾದಲ್ಲಿ, ಇನ್ನೊಂದು ಅದೇ ದಿನ ರಿಮಿನಿಯಲ್ಲಿ ಇದ್ದರೆ ಕೆಲಸ ಕೆಟ್ಟಿತು. ಪ್ರತಿ ವಿಷಯಕ್ಕೂ ವಿಶ್ವವಿದ್ಯಾಲಯದ ತಾಣದಲ್ಲಿ ಒಂದು ಪುಟ ಇದೆ. ಅದರಲ್ಲಿ ಕ್ಯಾಂಪಸ್, ಭಾಷೆ, ಓದಬೇಕಾದ ಪುಸ್ತಕಗಳು, ಪರೀಕ್ಷೆಯ ವಿಧಾನ ಎಲ್ಲ ಇರುತ್ತದೆ. ಪೂರ್ತಿ ಓದಿ.

ಪುಸ್ತಕದ ಪಟ್ಟಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ತರಗತಿಗೆ ಬರುವವರಿಗೆ ಒಂದು ಪಟ್ಟಿ, ಬಾರದವರಿಗೆ ಇನ್ನೊಂದು. ಮುಖ್ಯವಾಗಿ ಕಲಾ ವಿಷಯಗಳಲ್ಲಿ ಹೀಗಿರುತ್ತದೆ. ಬಾರದವರ ಪಟ್ಟಿ ಸಾಮಾನ್ಯವಾಗಿ ಉದ್ದ. ನೀವು ಯಾವ ಪಟ್ಟಿಗೆ ಸೇರಿದವರು ಎಂದು ಮೊದಲ ವಾರವೇ ಮೇಷ್ಟ್ರ ಹತ್ತಿರ ಖಚಿತ ಮಾಡಿಕೊಳ್ಳಿ.

ಭಾಷೆಯ ವಿಷಯ. ಪದವಿ ಹಂತದ ಹೆಚ್ಚಿನ ಪಾಠಗಳು ಇಟಾಲಿಯನ್‌ನಲ್ಲೇ. ಇಂಗ್ಲಿಷ್ ಪಾಠಗಳು ಸ್ನಾತಕೋತ್ತರ ಹಂತದಲ್ಲಿ ಜಾಸ್ತಿ. ಇಂಗ್ಲಿಷ್‌ನಲ್ಲೇ ಓದಿದರೂ ಅಂಗಡಿ, ಮನೆ ಮಾಲೀಕರು, ಕಚೇರಿ ಎಲ್ಲಾ ಕಡೆ ಇಟಾಲಿಯನ್ ಬೇಕು. ಹೋಗುವ ಮುಂಚೆ ಮೂರ್ನಾಲ್ಕು ತಿಂಗಳು ಕಲಿಯಿರಿ. ಅಲ್ಲಿನ ಭಾಷಾ ಕೇಂದ್ರ ವಿನಿಮಯ ವಿದ್ಯಾರ್ಥಿಗಳಿಗೆ ಇಟಾಲಿಯನ್ ತರಗತಿ ನಡೆಸುತ್ತದೆ, ಅದಕ್ಕೂ ಸೇರಿ.

ಕ್ರೆಡಿಟ್ ಲೆಕ್ಕ ಸರಳ. ಒಂದು ಸೆಮಿಸ್ಟರ್‌ಗೆ ಪೂರ್ತಿ ಹೊರೆ 30 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಓದು, ಪಾಠ ಎಲ್ಲ ಸೇರಿ 25 ಗಂಟೆ ಕೆಲಸ. ಯುರೋಪಿನ ದೇಶಗಳು ಈ ಕ್ರೆಡಿಟ್‌ಗಳನ್ನು ಪರಸ್ಪರ ಒಪ್ಪಿಕೊಳ್ಳಲು ಹಾದಿ ಮಾಡಿದ ಘೋಷಣೆಗೆ 1999ರಲ್ಲಿ 29 ದೇಶಗಳು ಸಹಿ ಹಾಕಿದ್ದು ಇದೇ ಊರಿನಲ್ಲಿ. ಯಾವ ವಿಷಯಕ್ಕೆ ಯಾವುದು ಸಮ ಎಂದು ಬರೆಯುವ ಪತ್ರಕ್ಕೆ ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಹೊರಡುವ ಮುಂಚೆ ನಿಮ್ಮ ವಿಭಾಗದ ಮುಖ್ಯಸ್ಥರಿಂದ ಅದಕ್ಕೆ ಸಹಿ ಆಗಿರಲಿ. ನನ್ನ ಅಂದಾಜಿನಲ್ಲಿ ಮೊದಲ ಸಲ ಹೋಗುವವರಿಗೆ ಮೂರು ವಿಷಯ ಸಾಕು, ನಾಲ್ಕು ಗರಿಷ್ಠ.

ಮೂರು: ವೀಸಾ

ಐರೋಪ್ಯ ಒಕ್ಕೂಟದ ಹೊರಗಿನವರು 90 ದಿನಕ್ಕಿಂತ ಜಾಸ್ತಿ ಇರಬೇಕಾದರೆ ಡಿ ವರ್ಗದ ಓದಿನ ವೀಸಾ ಬೇಕು. ಸೆಮಿಸ್ಟರ್ 90 ದಿನ ದಾಟುತ್ತದೆ. ಪ್ರವೇಶ ಪತ್ರ, ದುಡ್ಡಿನ ದಾಖಲೆ, ಇರುವ ಜಾಗದ ದಾಖಲೆ, ವಿಮೆ ಕೇಳುತ್ತಾರೆ. ಮೊದಲ ಸೆಮಿಸ್ಟರ್ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಶುರುವಾಗಿ, ಪರೀಕ್ಷೆಗಳೊಂದಿಗೆ ಫೆಬ್ರವರಿಗೆ ಮುಗಿಯುತ್ತದೆ. ಎರಡನೆಯದು ಫೆಬ್ರವರಿಯಿಂದ ಜುಲೈವರೆಗೆ. ಪ್ರವೇಶ ಪತ್ರದಲ್ಲಿ ಪರೀಕ್ಷೆಯ ತಿಂಗಳುಗಳೂ ಸೇರಿವೆಯಾ ನೋಡಿ. ಇಲ್ಲದಿದ್ದರೆ ತಿದ್ದಿಸಿ ತರಿಸಿಕೊಳ್ಳಿ, ಏಕೆಂದರೆ ವೀಸಾ ದಿನಗಳ ಲೆಕ್ಕ ಆ ಪತ್ರದ ಮೇಲೆ ನಿಲ್ಲುತ್ತದೆ.

ವಿಮೆಯ ಬಗ್ಗೆ ಒಂದು ಕಿವಿಮಾತು. ಇಟಲಿಯ ಸರ್ಕಾರಿ ಆರೋಗ್ಯ ಸೇವೆಗೆ ದುಡ್ಡು ಕಟ್ಟಿ ಸೇರಬಹುದು. ವಿದ್ಯಾರ್ಥಿಗಳಿಗೆ 2024ರಿಂದ ವರ್ಷಕ್ಕೆ 700 ಯೂರೋ. ಆದರೆ ಆ ವರ್ಷ ಜನವರಿಯಿಂದ ಡಿಸೆಂಬರ್. ಸೆಪ್ಟೆಂಬರ್‌ನಲ್ಲಿ ಕಟ್ಟಿದರೂ ಡಿಸೆಂಬರ್‌ಗೇ ಮುಗಿಯುತ್ತದೆ. ಒಂದೇ ಸೆಮಿಸ್ಟರ್‌ಗೆ ಹೋಗುವವರಿಗೆ ಖಾಸಗಿ ವಿಮೆಯೇ ಲೇಸು.

ನಾಲ್ಕು: ಮನೆ, ಎಲ್ಲಕ್ಕಿಂತ ಕಷ್ಟದ ಕೆಲಸ

ಬೊಲೊನ್ಯಾದಲ್ಲಿ ಬಾಡಿಗೆ ರೂಮು ಹುಡುಕುವುದು ನಿಜಕ್ಕೂ ಕಷ್ಟ. ವಿದ್ಯಾರ್ಥಿಗಳು ಜಾಸ್ತಿ, ರೂಮು ಕಮ್ಮಿ. ಪ್ರವೇಶ ಸಿಕ್ಕ ದಿನವೇ ಹುಡುಕಲು ಶುರು ಮಾಡಿ. ಆಗಸ್ಟ್‌ನಲ್ಲಿ ಇಡೀ ಊರು ರಜೆಗೆ ಹೋಗುತ್ತದೆ, ಫೋನ್ ಎತ್ತುವವರೂ ಇರುವುದಿಲ್ಲ. ಹಾಗಾಗಿ ಜೂನ್, ಜುಲೈನಲ್ಲೇ ಕೆಲಸ ಮುಗಿಸಿ.

ಜಾಹೀರಾತಿನ ಪದಗಳು ಗೊತ್ತಿರಬೇಕು. ಸಿಂಗೊಲಾ ಅಂದರೆ ಒಬ್ಬರ ರೂಮು. ದೊಪ್ಪಿಯಾ ಅಂದರೆ ಇಬ್ಬರ ರೂಮು. ಪೋಸ್ತೊ ಲೆತ್ತೊ ಅಂದರೆ ಇಬ್ಬರ ರೂಮಿನಲ್ಲಿ ಒಂದು ಮಂಚ ಅಷ್ಟೇ, ಅದನ್ನು ರೂಮು ಎಂದು ತಿಳಿದು ಮೋಸ ಹೋಗಬೇಡಿ. ಸ್ಪೇಜೆ ಎಸ್ಕ್ಲೂಜೆ ಎಂದಿದ್ದರೆ ಕರೆಂಟು, ಗ್ಯಾಸು, ನೀರಿನ ದುಡ್ಡು ಬೇರೆ. ಚಳಿಗಾಲದಲ್ಲಿ ಹೀಟರ್ ಖರ್ಚು ಸಣ್ಣದಲ್ಲ. ತಿಂಗಳಿಗೆ 500 ಯೂರೋ ಒಳಗೆ ಸಿಂಗೊಲಾ ಸಿಕ್ಕರೆ ಅದೃಷ್ಟ. ಎರ್‌ಗೊ ಎಂಬ ಪ್ರಾದೇಶಿಕ ಸಂಸ್ಥೆಯ ಹಾಸ್ಟೆಲ್‌ಗಳಿವೆ, ಅಲ್ಲೂ ವಿಚಾರಿಸಿ.

ನಾನು ಕಲಿತ ಮೂರು ಮಾತು. ರೂಮು ನೋಡದೆ, ಕನಿಷ್ಠ ವಿಡಿಯೊ ಕರೆಯಲ್ಲಾದರೂ ನೋಡದೆ, ಒಂದು ಯೂರೋ ಕೂಡ ಕಳಿಸಬೇಡಿ. 'ನಾನು ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಬೀಗದ ಕೈ ಪೋಸ್ಟ್ ಮಾಡುತ್ತೇನೆ' ಅನ್ನುವವರಿಂದ ದೂರ ಇರಿ. ಎರಡನೆಯದು, ಕರಾರು ಪತ್ರ ಬೇಕೇ ಬೇಕು, ಮಾಲೀಕರು ಅದನ್ನು 30 ದಿನದೊಳಗೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಬೇಕು. ಪತ್ರವಿಲ್ಲದ ಬಾಡಿಗೆಗೆ ಅಲ್ಲಿ ಇನ್ ನೇರೊ, ಅಂದರೆ ಕಪ್ಪಿನಲ್ಲಿ, ಅನ್ನುತ್ತಾರೆ. ಅದಕ್ಕೆ ಒಪ್ಪಬೇಡಿ. ವಿದ್ಯಾರ್ಥಿ ಕರಾರು ಕನಿಷ್ಠ ಆರು ತಿಂಗಳಿಗೆ ಇರುತ್ತದೆ, ಅದಕ್ಕಿಂತ ಕಮ್ಮಿ ಇರುವವರು ತಾತ್ಕಾಲಿಕ ಕರಾರು ಕೇಳಬೇಕು. ಮೂರನೆಯದು, ಠೇವಣಿ ಮೂರು ತಿಂಗಳ ಬಾಡಿಗೆ ದಾಟುವಂತಿಲ್ಲ. ರೂಮಿಗೆ ಕಾಲಿಟ್ಟ ದಿನವೇ ಗೋಡೆಯ ಕಲೆ, ಮುರಿದ ಬಾಗಿಲು, ಹಾಸಿಗೆ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ನನ್ನ ಠೇವಣಿ ವಾಪಸ್ ಬಂದಿದ್ದು ಆ ಫೋಟೊಗಳಿಂದ.

ಜಾಗ ಆರಿಸುವಾಗ ನಿಮ್ಮ ತರಗತಿ ಎಲ್ಲಿ ಎಂದು ನೋಡಿ. ಕಲಾ ವಿಭಾಗಗಳು, ಕಾನೂನು ಜಂಬೋನಿ ಬೀದಿಯ ಸುತ್ತಮುತ್ತ. ಎಂಜಿನಿಯರಿಂಗ್ ಊರಿನ ಇನ್ನೊಂದು ಬದಿ, ಸರಗೋತ್ಸಾ ಬಾಗಿಲಿನ ಆಚೆ. ರೈಲು ನಿಲ್ದಾಣದ ಹಿಂದಿನ ಬೊಲೊನ್ಯೀನಾ ಬಡಾವಣೆಯಿಂದ ನಡೆದೇ ಬರಬಹುದು. ಹಳೇ ಊರಿನಲ್ಲಿ ಮಳೆ ಬಂದರೂ ಕೊಡೆ ಬೇಕಾಗುವುದಿಲ್ಲ. ಬೀದಿಯುದ್ದಕ್ಕೂ ಕಮಾನುಗಳ ಕೆಳಗೆ ದಾರಿ. ಇಡೀ ಊರಿನ ಕಮಾನು ಸಾಲುಗಳನ್ನು ಸೇರಿಸಿದರೆ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ವಾಸದ ಕೋಣೆ ಹೆಚ್ಚಿಸಲು ಮನೆಗಳನ್ನು ಬೀದಿಯ ಮೇಲೆ ಮುಂದಕ್ಕೆ ಚಾಚಿದರು, ಕೆಳಗೆ ಕಂಬ ಕೊಟ್ಟರು. ಹಾಗೆ ಹುಟ್ಟಿದ ಕಮಾನುಗಳಿವು. ಅಂದರೆ ರೂಮಿನ ತಾಪತ್ರಯ ಆ ಊರಿಗೆ ಹೊಸದಲ್ಲ.

ಐದು: ಇಳಿದ ಮೊದಲ ಎಂಟು ದಿನ

ಡಿ ವೀಸಾದಲ್ಲಿ ಬಂದವರು ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದರ ಹೆಸರು ಪೆರ್ಮೆಸ್ಸೊ ದಿ ಸೊಜ್ಜೋರ್ನೊ. ಎಲ್ಲರೂ ಬರೀ ಪೆರ್ಮೆಸ್ಸೊ ಅನ್ನುತ್ತಾರೆ. ಅರ್ಜಿ ಕೊಡುವ ಜಾಗ ಪೊಲೀಸ್ ಕಚೇರಿ ಅಲ್ಲ, ಪೋಸ್ಟ್ ಆಫೀಸ್. ಎಲ್ಲಾ ಪೋಸ್ಟ್ ಆಫೀಸ್‌ಗಳಲ್ಲೂ ಆಗುವುದಿಲ್ಲ, ಸ್ಪೊರ್ತೆಲ್ಲೊ ಅಮೀಕೊ ಎಂದು ಬರೆದಿರುವ ಕಡೆ ಹೋಗಿ. 'ಕಿಟ್ ಪೆರ್ಮೆಸ್ಸೊ ದಿ ಸೊಜ್ಜೋರ್ನೊ' ಎಂದು ಕೇಳಿದರೆ ದಪ್ಪ ಲಕೋಟೆ ಕೊಡುತ್ತಾರೆ, ಪುಕ್ಕಟೆ.

ಆ ಲಕೋಟೆಯನ್ನು ಮನೆಗೆ ತಂದು ಸಮಾಧಾನವಾಗಿ ತುಂಬಿ. ಕಪ್ಪು ಪೆನ್ನು, ದೊಡ್ಡಕ್ಷರ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ನಮೂನೆ ಮಾತ್ರ ತುಂಬಿದರೆ ಸಾಕು. ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ, ವಿಮೆ, ದುಡ್ಡಿನ ದಾಖಲೆ ಎಲ್ಲದರ ಜೆರಾಕ್ಸ್ ಇಡಿ. ಆಮೇಲೆ 16 ಯೂರೋದ ಮಾರ್ಕಾ ದಾ ಬೊಲ್ಲೊ ಬೇಕು. ಇದು ಸರ್ಕಾರಿ ಸ್ಟಾಂಪು, ಸಿಗುವುದು ಸಿಗರೇಟು ಮಾರುವ ತಬಾಕ್ಕೆರಿಯಾ ಅಂಗಡಿಯಲ್ಲಿ. ಬಾಗಿಲ ಮೇಲೆ ದೊಡ್ಡ 'ಟಿ' ಅಕ್ಷರದ ಬೋರ್ಡು ಇರುತ್ತದೆ. ಅಂಚೆ, ಕಾರ್ಡಿನ ಶುಲ್ಕ ಎಲ್ಲಾ ಸೇರಿ 100 ಯೂರೋ ದಾಟುತ್ತದೆ, ಅಷ್ಟು ಎತ್ತಿಡಿ.

ಲಕೋಟೆ ಅಂಟಿಸಬೇಡಿ! ನಾನು ನೀಟಾಗಿ ಅಂಟಿಸಿಕೊಂಡು ಹೋಗಿದ್ದೆ. ಕೌಂಟರಿನ ಹೆಂಗಸು ಒಂದು ಮಾತೂ ಆಡದೆ ಕತ್ತರಿ ತೆಗೆದುಕೊಂಡು ಬಾಯಿ ಬಿಡಿಸಿದರು, ಒಂದೊಂದೇ ಹಾಳೆ ಹೊರಗಿಟ್ಟರು, ಪಾಸ್‌ಪೋರ್ಟಿನ ಅಸಲಿ ಕೇಳಿ ಹೋಲಿಸಿದರು, ಎರಡು ಕಡೆ ಸಹಿ ಬಿಟ್ಟಿದ್ದನ್ನು ಬೆರಳಿಟ್ಟು ತೋರಿಸಿದರು. ಅವರು ಕಣ್ಣಾರೆ ನೋಡಿದ ಮೇಲೆ ಮುಚ್ಚಬೇಕು, ಅದೇ ನಿಯಮ. ಕೊನೆಗೆ ರಸೀದಿ ಕೊಡುತ್ತಾರೆ, ಕ್ವೆಸ್ತೂರಾ ಅಂದರೆ ಪೊಲೀಸ್ ಕಚೇರಿಗೆ ಬೆರಳಚ್ಚಿಗೆ ಹೋಗುವ ದಿನವನ್ನೂ. ಆ ರಸೀದಿ ಬಂಗಾರ. ಕಾರ್ಡು ಕೈಗೆ ಬರಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಅದೇ ನಿಮ್ಮ ದಾಖಲೆ. ವೀಸಾ ಅವಧಿ ಮುಗಿದ ಮೇಲೆ ರಸೀದಿಯೊಂದನ್ನೇ ಹಿಡಿದು ಷೆಂಗೆನ್‌ನ, ಅಂದರೆ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ಗುಂಪಿನ, ಬೇರೆ ದೇಶಗಳಿಗೆ ಹೋಗಬೇಡಿ.

ಇನ್ನೊಂದು ಕೋದಿಚೆ ಫಿಸ್ಕಾಲೆ, 16 ಅಕ್ಷರ, ಅಂಕಿಗಳ ತೆರಿಗೆ ಸಂಖ್ಯೆ. ತೆರಿಗೆ ಇಲಾಖೆಯಲ್ಲಿ ಉಚಿತ. ಬಾಡಿಗೆ ಕರಾರಿಗೆ, ಸಿಮ್ ಕಾರ್ಡಿಗೆ ಬೇಕಾಗುತ್ತದೆ. ಅಕ್ಟೋಬರ್ 4 ಊರಿನ ಪಾಲಕ ಸಂತ ಪೆತ್ರೋನಿಯೊನ ಹಬ್ಬ, ಕಚೇರಿಗಳು ಮುಚ್ಚಿರುತ್ತವೆ. ಗೊತ್ತಾಗದಿದ್ದರೆ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಡೆಸ್ಕ್‌ಗೆ ಹೋಗಿ ಕೇಳಿ.

ಆರು: ತರಗತಿಯಲ್ಲಿ

ಎರಡು ಗಂಟೆಗೆ ಎಂದಿದ್ದರೆ ಪಾಠ ಶುರುವಾಗುವುದು ಎರಡೂ ಕಾಲಿಗೆ. ಇದಕ್ಕೆ ಅಕಾಡೆಮಿಕ್ ಕಾಲು ಗಂಟೆ ಅನ್ನುತ್ತಾರೆ. ಆದರೂ ಸಮಯಕ್ಕೆ ಹೋಗಿ, ಇಲ್ಲದಿದ್ದರೆ ಕೂರಲು ಜಾಗ ಸಿಗುವುದಿಲ್ಲ.

ನಮಗೆ ಕನ್ನಡದಲ್ಲಿ ನೀನು, ನೀವು ಇದೆಯಲ್ಲ, ಇಟಾಲಿಯನ್‌ನಲ್ಲೂ ಹಾಗೇ ಇದೆ. ತೂ ಅಂದರೆ ಏಕವಚನ, ಗೆಳೆಯರಿಗೆ. ಲೇಯಿ ಅಂದರೆ ಗೌರವದ ಮಾತು, ಮೇಷ್ಟ್ರಿಗೆ, ಕಚೇರಿಯವರಿಗೆ, ಮನೆ ಮಾಲೀಕರಿಗೆ. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ತಡವರಿಸುತ್ತಾರೆ. ಕನ್ನಡಿಗರಿಗೆ ಇದು ತಾನಾಗಿ ಬರುತ್ತದೆ, ಅಲ್ವಾ?

ಪ್ರತಿ ಮೇಷ್ಟ್ರಿಗೂ ವಾರದಲ್ಲಿ ವಿದ್ಯಾರ್ಥಿಗಳನ್ನು ಕಾಣಲು ಇಟ್ಟ ಹೊತ್ತು ಇರುತ್ತದೆ, ರಿಚೆವಿಮೆಂತೊ. ಎರಡನೇ ವಾರದೊಳಗೆ ಒಮ್ಮೆ ಹೋಗಿ. 'ನಾನು ವಿನಿಮಯಕ್ಕೆ ಬಂದಿದ್ದೇನೆ, ಪರೀಕ್ಷೆ ಹೇಗಿರುತ್ತದೆ, ಯಾವ ಪುಸ್ತಕ ಓದಲಿ' ಎಂದು ಕೇಳಿದರೆ ಸಾಕು. ಹತ್ತು ನಿಮಿಷದ ಆ ಮಾತು ಒಂದು ತಿಂಗಳ ಗೊಂದಲ ತಪ್ಪಿಸುತ್ತದೆ.

ಓದಲು ವಿಶ್ವವಿದ್ಯಾಲಯದ ಗ್ರಂಥಾಲಯಗಳು ಬೇಕಾದಷ್ಟಿವೆ. ನನಗೆ ಹಿಡಿಸಿದ್ದು ಊರಿನ ಮುಖ್ಯ ಚೌಕದ ಪಕ್ಕದ ಸಾಲಾಬೊರ್ಸಾ. ಅದರ ಗಾಜಿನ ನೆಲದ ಕೆಳಗೆ ರೋಮನ್ ಕಾಲದ ಬೊಲೊನ್ಯಾದ ಅವಶೇಷ ಕಾಣುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಬೆಳಗ್ಗೆಯೇ ಜಾಗ ತುಂಬುತ್ತದೆ.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಆರ್ಕಿಜಿನ್ನಾಸಿಯೊ ನೋಡಿ. 1563ರಿಂದ 1803ರವರೆಗೆ ವಿಶ್ವವಿದ್ಯಾಲಯ ಇದ್ದ ಕಟ್ಟಡ. ಗೋಡೆ, ಚಾವಣಿ ತುಂಬ ಹಳೇ ವಿದ್ಯಾರ್ಥಿಗಳ ಕುಲಲಾಂಛನಗಳು, ಸಾವಿರಾರು. ಎಲ್ಲೆಲ್ಲಿಂದಲೋ ಬಂದವರು. ಒಳಗೆ ಮರದಲ್ಲಿ ಕಟ್ಟಿದ, 1637ರ ಅಂಗರಚನೆಯ ಪಾಠಶಾಲೆ ಇದೆ. ನಡುವೆ ಶವ ಇಡುತ್ತಿದ್ದ ಅಮೃತಶಿಲೆಯ ಮೇಜು, ಸುತ್ತ ಮೆಟ್ಟಿಲಿನಂತೆ ಬೆಂಚುಗಳು, ಮೇಷ್ಟ್ರ ಪೀಠಕ್ಕೆ ಆಧಾರವಾಗಿ ಚರ್ಮ ಸುಲಿದ ಎರಡು ಮರದ ಮನುಷ್ಯರು. 1944ರ ಬಾಂಬ್ ದಾಳಿಯಲ್ಲಿ ಅದು ಕುಸಿದಿತ್ತು. ಉಳಿದ ತುಂಡುಗಳನ್ನು ಹೆಕ್ಕಿ ಮತ್ತೆ ಕಟ್ಟಿದ್ದಾರೆ. ಅಲ್ಲಿ ಕೂತಾಗ ನನಗೆ ಮಾತೇ ಹೊರಡಲಿಲ್ಲ.

ಏಳು: ವೈವಾ

ಹೊರಗಿನಿಂದ ಬಂದವರು ಜಾಸ್ತಿ ಹೆದರುವುದು ಇದಕ್ಕೆ. ಬೊಲೊನ್ಯಾದಲ್ಲಿ ಅನೇಕ ವಿಷಯಗಳಿಗೆ ಬರವಣಿಗೆ ಪರೀಕ್ಷೆ ಇಲ್ಲ, ಅಥವಾ ಅದರ ಜೊತೆಗೆ ಮೌಖಿಕ ಪರೀಕ್ಷೆಯೂ ಇರುತ್ತದೆ. ಮೇಜಿನ ಆಚೆ ಮೇಷ್ಟ್ರು, ಈಚೆ ನೀವು. ಅಂಕ 30ಕ್ಕೆ. ಪಾಸಾಗಲು 18. ಅತಿ ಚೆನ್ನಾಗಿ ಮಾಡಿದರೆ 30 ಎ ಲೋದೆ, ಅಂದರೆ 30ರ ಮೇಲೆ ಮೆಚ್ಚುಗೆ.

ಪರೀಕ್ಷೆಗೆ ಒಂದೇ ದಿನ ಅಲ್ಲ, ಒಂದೇ ವಿಷಯಕ್ಕೆ ಹಲವು ದಿನ ಇರುತ್ತವೆ. ಒಂದೊಂದಕ್ಕೂ ಅಪ್ಪೆಲ್ಲೊ ಅನ್ನುತ್ತಾರೆ. ಆಲ್ಮಾಎಸಾಮಿ ಎಂಬ ತಾಣದಲ್ಲಿ ಹೆಸರು ಹಚ್ಚಬೇಕು, ಅದಕ್ಕೂ ಕೊನೆಯ ದಿನ ಇದೆ. ಹೆಸರು ಹಚ್ಚದಿದ್ದರೆ ಬಾಗಿಲವರೆಗೆ ಹೋಗಿ ವಾಪಸ್ ಬರಬೇಕಾದೀತು. ಮೊದಲ ಅಪ್ಪೆಲ್ಲೊಗೇ ಹೆಸರು ಹಚ್ಚಿ. ಕೈ ತಪ್ಪಿದರೆ ಮುಂದಿನದು ಇರುತ್ತದೆ. ಕೊನೆಯದನ್ನು ನಂಬಿ ಕೂತರೆ ಆಮೇಲೆ ದಾರಿ ಇಲ್ಲ.

ನನ್ನ ಮೊದಲ ವೈವಾ ಮಧ್ಯಯುಗದ ಇತಿಹಾಸದ್ದು. ಮೂರು ಗಂಟೆ ಓಣಿಯಲ್ಲಿ ಕಾದೆ. ಒಳಗೆ ಹೋದ ಮೇಲೆ ಮೇಡಂ ಕೇಳಿದರು: ನಿಮಗಿಷ್ಟವಾದ ಒಂದು ಭಾಗದ ಬಗ್ಗೆ ಹೇಳಿ. ನಾನು ನಾಲ್ಕು ವಾಕ್ಯದಲ್ಲಿ ಉತ್ತರ ಮುಗಿಸಿ ಸುಮ್ಮನಾದೆ. ಅವರು ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. 'ಎ ಪೋಯಿ?' ಅಂದರು. ಆಮೇಲೆ? ಎಂದರ್ಥ. ಇನ್ನೊಂದು ವಾಕ್ಯ ಹೇಳಿದೆ. ಮತ್ತೆ 'ಎ ಪೋಯಿ?' ನನಗೆ ವಿಷಯ ಗೊತ್ತಿತ್ತು, ಎರಡು ತಿಂಗಳು ಓದಿದ್ದೆ, ಆದರೆ ಒಂದು ಸಲವೂ ಬಾಯಿಬಿಟ್ಟು ಹೇಳಿ ನೋಡಿರಲಿಲ್ಲ. 23 ಬಂತು.

ಅವರಿಗೆ ಬೇಕಾಗಿದ್ದು ಸರಿಯುತ್ತರ ಒಂದೇ ಅಲ್ಲ. ಒಂದು ವಿಷಯ ಎತ್ತಿಕೊಂಡು, ಕಾರಣ, ಹಿನ್ನೆಲೆ, ಪರಿಣಾಮ ಎಂದು ಏಳೆಂಟು ನಿಮಿಷ ನಿಲ್ಲದೆ ಮಾತಾಡಬೇಕು. ಹಾಗಾಗಿ ತಯಾರಿಯೂ ಬಾಯಲ್ಲೇ ಆಗಬೇಕು. ಎರಡನೇ ವೈವಾಕ್ಕೆ ನಾನು ಜೊತೆಯ ಹುಡುಗಿಯೊಬ್ಬಳನ್ನು ಹಿಡಿದೆ. ದಿನಾ ಸಂಜೆ ಕಮಾನುಗಳ ಕೆಳಗೆ ನಡೆಯುತ್ತಾ ಒಬ್ಬರಿಗೊಬ್ಬರು ಪಾಠ ಒಪ್ಪಿಸಿದೆವು. ನಾನು ನಿಂತ ಕಡೆಯೆಲ್ಲ ಅವಳು 'ಎ ಪೋಯಿ?' ಅನ್ನುತ್ತಿದ್ದಳು. ಆ ಸಲ 29.

ಇನ್ನೊಂದು ಉಪಾಯ ಇದೆ. ಇಟಲಿಯಲ್ಲಿ ಮೌಖಿಕ ಪರೀಕ್ಷೆ ಬಹಿರಂಗ, ಯಾರು ಬೇಕಾದರೂ ಕೂತು ಕೇಳಬಹುದು. ನಿಮ್ಮ ಸರದಿಗೆ ಮುಂಚೆ ಒಂದು ಬೆಳಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮೇಷ್ಟ್ರು ಎಲ್ಲಿಂದ ಶುರು ಮಾಡುತ್ತಾರೆ, ಎಲ್ಲಿ ತಡೆಯುತ್ತಾರೆ ಎಲ್ಲ ತಿಳಿಯುತ್ತದೆ. ನೋಟ್ಸ್ ಓದಿ ಇದು ಸಿಗುವುದಿಲ್ಲ.

ಮುಗಿದ ಕೂಡಲೇ ಅಂಕ ಹೇಳಿ, ಒಪ್ಪಿಗೆಯಾ ಎಂದು ಕೇಳುತ್ತಾರೆ. ಬೇಡ ಎಂದು ಇನ್ನೊಂದು ಅಪ್ಪೆಲ್ಲೊಗೆ ಬರುವ ರೂಢಿ ಇದೆ. ಆದರೆ ಹೊರಡುವ ದಿನ ಹತ್ತಿರ ಇದ್ದರೆ ಯೋಚಿಸಿ ಹೇಳಿ. ನಿಮ್ಮ ಕಾಲೇಜು ಆ ಅಂಕವನ್ನು ಹೇಗೆ ಪರಿವರ್ತಿಸುತ್ತದೆ ಎಂದು ಮೊದಲೇ ತಿಳಿದಿರಬೇಕು. ಪಾಸ್, ಫೇಲ್ ಮಾತ್ರ ನೋಡುವ ಕಡೆ 23ನ್ನು ಬೇಡ ಅನ್ನುವುದರಲ್ಲಿ ಅರ್ಥವಿಲ್ಲ.

ಎಂಟು: ಹೊರಡುವ ಮುಂಚೆ

ಎಲ್ಲಾ ಅಂಕಗಳೂ ಆನ್‌ಲೈನ್‌ನಲ್ಲಿ ದಾಖಲಾಗಿವೆಯಾ ನೋಡಿ. ಒಂದು ಬಾಕಿ ಇದ್ದರೂ ಆ ಮೇಷ್ಟ್ರಿಗೆ ಅಲ್ಲಿರುವಾಗಲೇ ಹೇಳಿ. ಇದ್ದ ದಿನಾಂಕಗಳ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಓದಿದ ಪ್ರತಿ ವಿಷಯದ ಪುಟವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ, ಕ್ರೆಡಿಟ್ ಒಪ್ಪಿಸುವಾಗ ನಿಮ್ಮ ವಿಭಾಗ ಅದನ್ನು ಕೇಳುವ ಸಾಧ್ಯತೆ ಜಾಸ್ತಿ. ಬೀಗದ ಕೈ ಕೊಡುವಾಗ ಮಾಲೀಕರ ಎದುರೇ ರೂಮು ತೋರಿಸಿ, ಠೇವಣಿ ಯಾವತ್ತು ಬರುತ್ತದೆ ಎಂದು ಬರೆಸಿಕೊಳ್ಳಿ.

ಊರಿನ ನಡುವೆ ವಾಲಿ ನಿಂತ ಎರಡು ಗೋಪುರಗಳಿವೆ. ಎತ್ತರದ್ದು ಅಸಿನೆಲ್ಲಿ, 97 ಮೀಟರ್, 498 ಮೆಟ್ಟಿಲು. ಪದವಿ ಮುಗಿಯುವ ಮುಂಚೆ ಅದನ್ನು ಹತ್ತಿದವರು ಪದವಿ ಮುಗಿಸುವುದೇ ಇಲ್ಲ ಎಂದು ಅಲ್ಲಿನ ವಿದ್ಯಾರ್ಥಿಗಳ ನಂಬಿಕೆ. ಪಕ್ಕದ ಗಿಡ್ಡ ಗೋಪುರ ಗರಿಸೆಂಡಾ ತೀರಾ ವಾಲಿದ್ದರಿಂದ 2023ರಲ್ಲಿ ಸುತ್ತ ಬೇಲಿ ಹಾಕಿ, ಅಸಿನೆಲ್ಲಿ ಹತ್ತುವುದನ್ನೂ ನಿಲ್ಲಿಸಿದರು. ಊರಿಗೆ ವಿದಾಯ ಹೇಳಲು ಬೇರೆ ದಾರಿ ಇದೆ. ಸರಗೋತ್ಸಾ ಬಾಗಿಲಿನಿಂದ ಬೆಟ್ಟದ ಮೇಲಿನ ಸಾನ್ ಲೂಕಾ ಚರ್ಚ್‌ವರೆಗೆ ಒಂದೇ ಕಮಾನು ಸಾಲು, ಸುಮಾರು 3.8 ಕಿಲೋಮೀಟರ್, 666 ಕಮಾನು. ಕೊನೆಯ ಭಾಗ ಏರು. ಆ ಜೊತೆಗಾರ್ತಿಯೂ ನಾನೂ ಹೊರಡುವ ಹಿಂದಿನ ದಿನ ಹತ್ತಿದೆವು. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ನಿಂತೆ. 'ಎ ಪೋಯಿ?' ಅಂದಳು.